ಜೀನಗಾರ ಚಾಚಾ ಹೇಳಿದ ತಡಿ

ಹಳೆಯ ಟ್ರಂಕಿನ ತಳದಲ್ಲಿ ಒಂದು ತೊಗಲಿನ ಪಟ್ಟಿ ಸಿಕ್ಕಿತು. ಗೇಣುದ್ದ. ಒಂದು ತುದಿಗೆ ಹಿತ್ತಾಳೆಯ ಬಕಲು, ಇನ್ನೊಂದು ತುದಿ ಒಂದೇ ಏಟಿಗೆ ಕತ್ತರಿಸಿದ್ದು. ಮೂಗಿನ ಹತ್ತಿರ ಹಿಡಿದೆ. ಔಡಲೆಣ್ಣೆ, ಕುರಿ ಉಣ್ಣೆ, ಸ್ವಲ್ಪ ಕುದುರೆಯ ಬೆವರು. ಇಪ್ಪತ್ತೈದು ವರ್ಷವಾಗುತ್ತ ಬಂತು, ವಾಸನೆ ಹೋಗಿಲ್ಲ…

ನಾನು ಟ್ರಂಕು ತೆಗೆದದ್ದು ಇದಕ್ಕಲ್ಲ. ಒರೆಸಲು ಒಂದು ಮೆತ್ತನೆಯ ಹಳೆ ಸೀರೆ ಬೇಕಿತ್ತು. ಪಡಸಾಲೆಯಲ್ಲಿ ಎರಡು ಹೊಸ ಜೀನು ಬಂದು ಕೂತಿದ್ದವು. ಮೊಮ್ಮಗಳು ಬೆಳಗಾವಿಗೆ ಹೋಗಿ ಕುದುರೆ ಸವಾರಿ ಕಲಿಯುತ್ತಾಳೆ. ಅದರಲ್ಲಿ ಡ್ರೆಸಾಜ್ ಅಂತ ಒಂದಿದೆಯಂತೆ. ಕೋಲು ತೋರಿಸದೆ, ಬಾಯಿ ಬಿಡದೆ, ಕೂತಲ್ಲಿಂದಲೇ ತೊಡೆಯಿಂದ ಸೊಂಟದಿಂದ ಹೇಳಿ ಕುದುರೆಯಿಂದ ಹೆಜ್ಜೆ ಹಾಕಿಸುವುದು. ನಾವು ಇದಕ್ಕೆ ಕುದುರೆ ಕುಣಿಸುವುದು ಅನ್ನುತ್ತಿದ್ದೆವು. ಹೆಸರು ದೊಡ್ಡದಾಗಿದೆ, ಕೆಲಸ ಅದೇ. ಎರಡು ಜೀನು ಹಾಕಿ ನೋಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಿ ಅಂದಿದ್ದಾರೆ. ಒಂದು ದಪ್ಪ, ಗಾದಿಯ ಹಾಗೆ. ಇನ್ನೊಂದು ತೆಳ್ಳಗೆ.

ಮಗಳು ನೋಡುತ್ತಲೇ ತೀರ್ಮಾನ ಮಾಡಿಬಿಟ್ಟಳು.

"ದಪ್ಪಂದು ವಾಪಸ್ ಹೋಗ್ಲಿ. ತಡಿ ಹಾಕು ಅಂದ ಮುದುಕನ ಮಾತಿಗೆ ನನ್ನ ಮೊಣಕಾಲ ಹೋತು. ಇಕಿದು ಹೋಗೂದು ಬ್ಯಾಡ."

ನಾನು ಏನೂ ಅನ್ನಲಿಲ್ಲ. ಈ ಮಾತು ಬಂದಾಗಲೆಲ್ಲ ನಾನು ಏನೂ ಅಂದಿಲ್ಲ. ಎದ್ದು ಸೀರೆ ಹುಡುಕಲು ಹೋದೆ. ಸಿಕ್ಕಿದ್ದು ಈ ಪಟ್ಟಿ.

ಬರೆಯುವುದು ನನಗೆ ಕಷ್ಟ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗಲೂ ನಾವು ಈ ಸಿರಸಂಗಿಯಲ್ಲೇ ಇದ್ದೆವು. ಗಂಡ ಮದುವೆಗಳಲ್ಲಿ ಕುದುರೆ ಕುಣಿಸುತ್ತಿದ್ದ. ಅವನು ಕಾಮಾಲೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಹದಿನೇಳರ ಮಗಳು, ಒಂದು ಕೆಂಪು ಹೆಣ್ಣು ಕುದುರೆ, ಮತ್ತು ಮೈದುನ. ಅಣ್ಣತಮ್ಮ ಸೇರಿ ತಂದ ಕುದುರೆ, ಅವನಿಗೂ ಹಕ್ಕಿತ್ತು. ಆದರೆ ಕುದುರೆ ಮಗಳ ಮಾತು ಕೇಳುತ್ತಿತ್ತು, ಅವನ ಮಾತು ಕೇಳುತ್ತಿರಲಿಲ್ಲ. ಅವನಿಗೆ ಅದೇ ಉರಿ. ಕುದುರೆ ಮಾರಲು ರಾಮದುರ್ಗದಲ್ಲಿ ಜೂಜಿನ ಗಾಡಿ ಓಡಿಸುವವನೊಬ್ಬನನ್ನು ನೋಡಿ ಇಟ್ಟಿದ್ದ. ಆ ಗಾಡಿಗೆ ಹೋದ ಕುದುರೆಗಳ ಬೆನ್ನು ನಾನು ನೋಡಿದ್ದೇನೆ. ಬಾರುಕೋಲಿನ ಗೆರೆಯ ಮೇಲೆ ಗೆರೆ.

"ವೈನಿ, ಹೆಣ್ಣ ಹುಡುಗಿ ಕುದರಿ ಕುಣಸೂದು ಎಲ್ಲೆರ ಐತೇನು?" ಅನ್ನುತ್ತಿದ್ದ. "ಒಮ್ಮಿ ಏನರ ಹೆಚ್ಚು ಕಡಿಮಿ ಆಗ್ಲಿ, ಮರುದಿನಾನ ರಾಮದುರ್ಗಕ್ಕ ಹೊಡೀತೇನಿ."

ಹೇಳಿದರೆ ಮಾಡುವವನೇ.

ಆ ವರ್ಷ ಕಿತ್ತೂರಿನ ಒಂದು ಓಣಿಯವರು ಬಂದರು. ಅವರ ಮೆರವಣಿಗೆಯಲ್ಲಿ ರಾಣಿಯ ವೇಷ ಹಾಕಿ ಒಬ್ಬ ಹುಡುಗಿ ಕುದುರೆ ಮೇಲೆ ಕೂರಬೇಕು. ಪ್ರತಿ ವರ್ಷ ಯಾರನ್ನೋ ಕೂರಿಸಿ ಇಬ್ಬರು ಗಂಡಸರು ಲಗಾಮು ಹಿಡಿದು ನಡೆಸುತ್ತಿದ್ದರು. ಈ ಸಲ ರಾಣಿಯೇ ಲಗಾಮು ಹಿಡಿಯಬೇಕು, ಹಲಗೆಯ ಬಡಿತಕ್ಕೆ ಸರಿಯಾಗಿ ಕುದುರೆ ಕುಣಿಯಬೇಕು ಅಂದರು. ಮಗಳು ನನ್ನ ಮುಖ ನೋಡಲೂ ಇಲ್ಲ, ಹೂಂ ಅಂದುಬಿಟ್ಟಳು. ಸರಿಯಾಗಿ ಮಾಡಿದರೆ ಮೈದುನನ ಬಾಯಿ ಮುಚ್ಚುತ್ತದೆ. ಕೆಟ್ಟರೆ ಕುದುರೆ ಹೋಗುತ್ತದೆ. ಇಷ್ಟೇ ಲೆಕ್ಕ. ಮೂವರಿಗೂ ಗೊತ್ತಿತ್ತು.

ನಮ್ಮಲ್ಲಿ ಇದ್ದದ್ದು ಮದುಮಗನ ಜೀನು. ಮದುಮಗ ಕುಣಿಸುವುದಿಲ್ಲ, ಸುಮ್ಮನೆ ಕೂರುತ್ತಾನೆ. ಅದಕ್ಕೆ ಆ ಜೀನು ಹಾಸಿಗೆ ಇದ್ದ ಹಾಗೆ ಇರುತ್ತದೆ. ಕೂತು ಕುಣಿಸಲು ಬೇರೆಯದೇ ಬೇಕು. ಹಾಗೆ ನಾನು ಬೈಲಹೊಂಗಲಕ್ಕೆ, ಜೀನಗಾರ ಚಾಚಾನ ಅಂಗಡಿಗೆ ಹೋದದ್ದು.

ಗಂಡ ಇದ್ದಾಗಿನಿಂದ ಪರಿಚಯ. ಆಗಲೇ ಅರವತ್ತರ ಆಸುಪಾಸು. ಬಿಳಿ ಟೋಪಿ, ದಾರ ಕಟ್ಟಿದ ಕನ್ನಡಕ, ಎಡಗೈಯ ಹೆಬ್ಬೆರಳು ದಬ್ಬಳ ಚುಚ್ಚಿ ಚುಚ್ಚಿ ಕಲ್ಲಾಗಿತ್ತು. ತೊಗಲು ಕೊಯ್ಯುವ ಚೂರಿ ಸದಾ ಅಂಗಿಯ ಒಳಜೇಬಿನಲ್ಲಿ. ಊಟಕ್ಕೆ ಕೂತರೂ ತೆಗೆಯುತ್ತಿರಲಿಲ್ಲ. ಎಲ್ಲರಿಗೂ 'ಬರ್ರಿ, ಕುಂದರ್ರಿ' ಅನ್ನುವ ಮನುಷ್ಯ, ನನಗೆ ಮಾತ್ರ 'ರಿ' ಹಚ್ಚುತ್ತಿರಲಿಲ್ಲ. ತಂಗಿ ಅನ್ನುತ್ತಿದ್ದರು. 'ಬಾ ತಂಗಿ, ಕುಂದ್ರು ತಂಗಿ.' ಇದನ್ನು ನೆನಪಿಡಿ.

ಅಳತೆಗೆ ತಾವೇ ಸಿರಸಂಗಿಗೆ ಬಂದರು. ನಮ್ಮ ಹಳೆ ಜೀನನ್ನು ಅಂಗೈಯಿಂದ ಅದುಮಿ ನೋಡಿದರು.

"ಇದು ಜೀನಲ್ಲ ತಂಗಿ, ಸಾಹುಕಾರರ ಮನಿ ಸೋಫಾ. ಇದರ ಮ್ಯಾಲ ಕುಂತ್ರ ಕೆಳಗ ಕುದರಿ ಐತೋ ಎಮ್ಮಿ ಐತೋ ತಿಳಿಯಂಗಿಲ್ಲ."

ಮಗಳನ್ನು ಬರಿಬೆನ್ನಿನ ಮೇಲೆ ಹತ್ತಿಸಿದರು. ಕಣ್ಣು ಮುಚ್ಚು ಅಂದರು. ಕುದುರೆಯನ್ನು ಹಿಡಿದು ಹಿತ್ತಲ ತುಂಬ ನಿಧಾನ ನಡೆಸಿದರು.

"ಹಿಂದಿನ ಯಾವ ಕಾಲ ಎತ್ತಾಕ ಹತ್ತೇತಿ? ಹೇಳು ಬೇಟಾ."

"ಎಡ… ಬಲ… ಎಡ."

ಒಂದೂ ತಪ್ಪಲಿಲ್ಲ. ಮೇಲೆ ಮದುಮಗನ ಜೀನು ಹಾಕಿ ಮತ್ತೆ ಕೇಳಿದರು. ಐದರಲ್ಲಿ ಮೂರು ತಪ್ಪು.

"ಕುದರಿ ಮಾತ ನಿನಗ ಕೇಳಸವಲ್ದು," ಅಂದರು. "ನಿನ್ನ ಮಾತ ಅದಕ್ಕ ಹ್ಯಾಂಗ ಕೇಳಸಬೇಕು?"

ನಾನು ನಡುವೆ ಬಾಯಿ ಹಾಕಿದೆ. "ಹಂಗಾರ ಬರೇ ತೊಗಲ ಹೊಲದ ಕೊಟ್ಟಬಿಡ್ರಿ ಚಾಚಾ, ಒಳಗ ತುಂಬೂ ಉಣ್ಣಿ ಉಳೀತೇತಿ."

"ಬರೇ ತೊಗಲ ಹಾಕಿದ್ರ ಎಲವಿಗೆ ಎಲವು ಬಡೀತೇತಿ. ಆವಾಗ ಇಬ್ರೂ ಒದರತಾರ, ಒಬ್ರೂ ಕೇಳಂಗಿಲ್ಲ. ನಿನ್ನ ಮೈದುನ, ನೀನು ಮಾತಾಡಿದಂಗ."

ಮಗಳು ನಕ್ಕಳು. ಮೈದುನ ಕಟ್ಟೆಯ ಮೇಲೆ ಕೂತಿದ್ದ, ನಗಲಿಲ್ಲ.

ಜೀನು ತಯಾರಾದ ಮೇಲೆ ಮತ್ತೆ ಬಂದರು, ಆಗಲೂ ಮೈದುನ ಕಟ್ಟೆಯ ಮೇಲಿದ್ದ. ಒಳಗೆ ಉಣ್ಣೆ ತುಂಬಿ, ಕೆಳಗಿನ ಹೊಲಿಗೆ ಬಿಟ್ಟು ತಂದಿದ್ದರು. ಮಗಳನ್ನು ಕೂರಿಸಿ ಕಾಲು ಕೇಳಿದರು. ತಪ್ಪಿತು. ಒಂದು ಹಿಡಿ ಉಣ್ಣೆ ತೆಗೆದರು. ಮತ್ತೆ ತಪ್ಪು. ಇನ್ನೊಂದು ಹಿಡಿ. ಹೀಗೆ ನಾಲ್ಕು ಹಿಡಿ ತೆಗೆದಾಗ ಮಗಳು ಎಲ್ಲ ಸರಿ ಹೇಳಿದಳು, ಆದರೆ ಕುದುರೆಯ ಕಿವಿ ಹಿಂದಕ್ಕೆ ಹೋಯಿತು. ಅದಕ್ಕೆ ಚುಚ್ಚುತ್ತಿತ್ತು. ಚಾಚಾ ಒಂದು ಹಿಡಿ ವಾಪಸ್ ತುಂಬಿದರು. ಕಿವಿ ಮುಂದೆ ಬಂತು. ಮಗಳು ಆಗಲೂ ಸರಿ ಹೇಳಿದಳು. ಜೀನು ಮತ್ತು ಬೆನ್ನೆಲುಬಿನ ನಡುವೆ ಎರಡು ಬೆರಳು ಆಡಿಸಿ ನೋಡಿದರು.

"ಆತು," ಅಂದರು. ಅಲ್ಲೇ ಕೂತು ಹೊಲಿಗೆ ಹಾಕಿದರು. "ಇದರ ಕೆಳಗ ಒಂದ ತೆಳ್ಳನ ಅರಿವಿ ಸಾಕು ತಂಗಿ. ತಡಿ ಹಾಕಬ್ಯಾಡ. ಹಾಕಿದಿ ಅಂದ್ರ ನಾ ಮಾಡಿದ್ದೆಲ್ಲಾ ನೀರಿಗಿ ಹೋತು."

ತಡಿ ಅಂದರೆ ಜೀನಿನ ಕೆಳಗೆ ಹಾಸುವ ದಪ್ಪ ಹಾಸು. ನಮ್ಮ ಕಡೆ ಎಲ್ಲರಿಗೂ ಗೊತ್ತು.

ಹೊಸ ಜೀನಿನ ಮೇಲೆ ನಾಲ್ಕು ದಿನ ಕುಣಿಸುವಷ್ಟರಲ್ಲಿ ಮಗಳ ಎರಡೂ ತೊಡೆ ಸುಲಿದವು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಮೆರವಣಿಗೆಗೆ ಮೂರು ದಿನ ಇರುವಾಗ ಕಿತ್ತೂರಿನವರು ವೇಷದ ಸಾಮಾನು ತಂದುಕೊಟ್ಟರು. ಅದರಲ್ಲಿ ಒಂದು ಕೆಂಪು ಮಖಮಲ್ಲಿನ ತಡಿ, ಸುತ್ತ ಜರಿ, ಒಳಗೆ ಹತ್ತಿ, ನಾಲ್ಕು ಬೆರಳು ದಪ್ಪ.

"ರಾಣಿ ಎತ್ತರ ಕಾಣಬೇಕ್ರಿ ಅಕ್ಕಾರ," ಅಂದರು. "ಹಿಂದ ನಿಂತವರಿಗೂ ಕಾಣಬೇಕು."

ಸುಲಿದ ತೊಡೆಯ ಚಿಂತೆ ಇತ್ತು, ಅದು ಸುಳ್ಳಲ್ಲ. ಆದರೆ ನನಗೂ ಮಗಳು ಎತ್ತರ ಕಾಣಬೇಕಿತ್ತು. ಅದನ್ನು ಇವತ್ತು ಬರೆಯುತ್ತೇನೆ. ಮೈದುನ ಕತ್ತೆತ್ತಿ ನೋಡುವಷ್ಟು ಎತ್ತರ.

ಚಾಚಾ ಬೇಡ ಅಂದಿದ್ದರು. ಆದ್ದರಿಂದ ಕೇಳಿ ಕಳಿಸಿದೆ. ಆಗ ಮನೆಯಲ್ಲಿ ಫೋನಿರಲಿಲ್ಲ. ಕಬ್ಬಿನ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಲಾರಿಗಳು ನಮ್ಮ ರಸ್ತೆಯಲ್ಲೇ ಹೋಗುತ್ತಿದ್ದವು. ಗುರುತಿನ ಡ್ರೈವರ್ ಒಬ್ಬನನ್ನು ನಿಲ್ಲಿಸಿದೆ.

"ಬೈಲಹೊಂಗಲದಾಗ ಜೀನಗಾರ ಚಾಚಾನ ಒಂದ ಮಾತ ಕೇಳ್ಕೊಂಡ ಬರ್ರಿ. ಹುಡುಗಿ ತೊಡಿ ಸುಲದಾವು, ತಡಿ ಹಾಕಲೇನು ಅಂತ."

ಮರುದಿನ ಖಾಲಿ ಲಾರಿ ವಾಪಸ್ ಬಂತು. ಅವನು ನಿಲ್ಲಿಸಲಿಲ್ಲ, ನಿಧಾನ ಮಾಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಯಕ್ಕಾ, ಕೇಳೇನಿ. ತಡಿ ಅಂದ್ರು."

"ಮತ್ತೇನಂದ್ರು?"

ಏನೋ ಅಂದ. ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಓಡಿ ಹೋಗಿ ಕೇಳಬಹುದಿತ್ತು. ಲಾರಿ ಮುಂದಿನ ತಿರುವಿನಲ್ಲಿ ನಿಂತಿತ್ತು, ಅವನು ಎಲೆ ಅಡಿಕೆ ತಗೊಳ್ಳುತ್ತಿದ್ದ. ನಾನು ಹೋಗಲಿಲ್ಲ. ನನಗೆ ಬೇಕಾದ ಮಾತು ಸಿಕ್ಕಿತ್ತು.

ಮಗಳು ಮಾತ್ರ ಒಪ್ಪಲಿಲ್ಲ. "ಅವ್ವಾ, ಚಾಚಾ ಬ್ಯಾಡ ಅಂದಿದ್ರಲ್ಲ?"

"ಈಗ ತಡಿ ಅಂದಾರ. ಅವರಿಗಿಂತ ನಿನಗ ಹೆಚ್ಚ ತಿಳೀತೇತೇನು?"

ಮೆರವಣಿಗೆಯ ದಿನ ಬೆಳಿಗ್ಗೆ ಟೆಂಪೊದಲ್ಲಿ ಕುದುರೆ ಹತ್ತಿಸಿ ಕಿತ್ತೂರಿಗೆ ಹೋದೆವು. ಮೈದುನನೂ ಬಂದ. ಮಖಮಲ್ ಹಾಸಿ ಅದರ ಮೇಲೆ ಜೀನು ಇಟ್ಟು ಹೊಟ್ಟೆಪಟ್ಟಿ ಎಳೆದೆ. ಎಷ್ಟು ಬಿಗಿದರೂ ಜೀನು ಮಖಮಲ್ಲಿನ ಮೇಲೆ ಜಾರಿದಂತೆ ಅನಿಸುತ್ತಿತ್ತು. ಇನ್ನೊಂದು ತೂತು ಎಳೆದೆ. ಕುದುರೆ ಉಸಿರು ಬಿಟ್ಟು ನನ್ನ ಕಡೆ ತಿರುಗಿ ನೋಡಿತು. ಮಗಳು ಹತ್ತಿದಳು. ಕಿರೀಟ, ಕೈಯಲ್ಲಿ ಕಟ್ಟಿಗೆಯ ಕತ್ತಿ. ಚೆಂದ ಕಾಣುತ್ತಿದ್ದಳು.

ನಾಲ್ಕು ಹೆಜ್ಜೆ ನಡೆಸಿ ಬಗ್ಗಿ ನನ್ನ ಕಿವಿಯಲ್ಲಿ ಅಂದಳು: "ಅವ್ವಾ, ಕಾಲ ತಿಳೀವಲ್ದು. ಯಾವದು ಎಡ, ಯಾವದು ಬಲ, ಏನೂ ತಿಳೀವಲ್ದು."

"ಸುಮ್ನ ಕುಂದ್ರು. ಹತ್ತ ಹೆಜ್ಜಿ ಹೋದ್ರ ತಿಳೀತೇತಿ."

ಹಲಗೆ ಶುರುವಾಯಿತು. ಮೊದಲ ಓಣಿಯಲ್ಲಿ ಕುದುರೆ ಕುಣಿಯಿತು. ಅದು ಹಲಗೆ ಕೇಳಿ ಕುಣಿಯಿತೇ ಹೊರತು ಅವಳು ಕುಣಿಸಲಿಲ್ಲ. ನನಗೆ ಗೊತ್ತಾಯಿತು. ಜನರಿಗೆ ಗೊತ್ತಾಗಲಿಲ್ಲ, ಸೀಟಿ ಹೊಡೆದರು. ಮೈದುನ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ. ನಾನು ಕುದುರೆಯ ಕಿವಿಯನ್ನೇ ನೋಡುತ್ತಿದ್ದೆ. ಒಂದು ಮುಂದೆ, ಒಂದು ಹಿಂದೆ. ಮೆರವಣಿಗೆ ಹೆದ್ದಾರಿಯ ಪಕ್ಕದ ರಸ್ತೆಗೆ ತಿರುಗಿತು. ಎರಡೂ ಕಿವಿ ಹಿಂದೆ ಹೋದವು. ಬೆನ್ನು ಗಂಟು ಕಟ್ಟುತ್ತಿತ್ತು, ಕೆಳಗೆ ನಿಂತ ನನಗೇ ಕಂಡಿತು. ಬರಿಬೆನ್ನಿನಲ್ಲಿದ್ದರೆ, ಚಾಚಾ ಮಾಡಿದ ಜೀನಿನಲ್ಲಿದ್ದರೆ ಅವಳಿಗೆ ನನಗಿಂತ ಮೊದಲು ತಿಳಿಯುತ್ತಿತ್ತು, ಒಂದು ತೊಡೆ ಒತ್ತಿ ಸಮಾಧಾನ ಮಾಡುತ್ತಿದ್ದಳು. ಅವಳು ಜನರಿಗೆ ಕತ್ತಿ ಎತ್ತಿ ತೋರಿಸುತ್ತಿದ್ದಳು.

ಲಾರಿಯೊಂದು ಹಾರ್ನ್ ಹೊಡೆಯಿತು. ಉದ್ದನೆಯ ಹಾರ್ನ್.

ಕುದುರೆ ಅಡ್ಡ ಹಾರಿತು. ಜೀನು ಮಖಮಲ್ಲಿನ ಮೇಲೆ ಜಾರಿ ಪಕ್ಕಕ್ಕೆ ತಿರುಗಿತು. ಮಗಳು ಬಿದ್ದಳು, ಎಡಗಾಲು ಕಾಲಿಡುವ ರಿಕಾಪಿನಲ್ಲಿ ಸಿಕ್ಕಿಕೊಂಡಿತು. ಕುದುರೆ ಓಡಿತು. ಡಾಂಬರಿನ ಮೇಲೆ ಅವಳ ಬೆನ್ನು ಎಳೆದುಕೊಂಡು ಹೋಗುವ ಸದ್ದು… ಅದನ್ನು ಬರೆಯುವುದಿಲ್ಲ.

ಬಸ್ಸಿನಿಂದ ಆಗಷ್ಟೇ ಇಳಿದ ಒಬ್ಬ ಮುದುಕ ಕೈಚೀಲ ಎಸೆದು ಕುದುರೆಯ ಕುತ್ತಿಗೆಗೆ ಜೋತುಬಿದ್ದದ್ದು ಕಂಡಿತು. ಬಿಳಿ ಟೋಪಿ ಹಾರಿಹೋಗಿತ್ತು. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈ ಒಳಜೇಬಿಗೆ. ತಾವೇ ಹೊಲಿದ ರಿಕಾಪಿನ ಪಟ್ಟಿಯನ್ನು ತಾವೇ ಒಂದೇ ಏಟಿಗೆ ಕೊಯ್ದರು. ಮಗಳು ಬಿಡುಗಡೆಯಾದಳು.

ದವಾಖಾನೆಯ ವರಾಂಡದಲ್ಲಿ ಮೂವರು ಇದ್ದೆವು. ಚಾಚಾ ಬೆಂಚಿನ ಮೇಲೆ, ನಾನು ನೆಲದ ಮೇಲೆ. ಮೈದುನ ಬಾಗಿಲ ಹತ್ತಿರ ಡಾಕ್ಟರನ್ನು ಮಾತಾಡಿಸುತ್ತಿದ್ದ. ಚಾಚಾನ ಮುಂಗೈ ಸುಲಿದು ರಕ್ತ ಬರುತ್ತಿತ್ತು. ಮಖಮಲ್ ನನ್ನ ತೊಡೆಯ ಮೇಲಿತ್ತು. ಯಾಕೆ ಎತ್ತಿಕೊಂಡು ಬಂದೆನೋ ಗೊತ್ತಿಲ್ಲ.

"ಇದನ್ನ ಯಾಕ ಹಾಕಿದಿ ತಂಗಿ?" ಮೆಲ್ಲಗೆ ಕೇಳಿದರು.

"ನೀವ ತಡಿ ಅಂದಿದ್ರಲ್ಲ ಚಾಚಾ. ಡ್ರೈವರ್ ಬಂದ ಹೇಳಿದ."

ಅವರು ನನ್ನನ್ನು ನೋಡಿದರು.

"ತಡಿ ಅಂದಿದ್ದೆ," ಅಂದರು. "ನಾ ಕಿತ್ತೂರಿಗೆ ಬರತೇನಿ, ಬಂದ ನೋಡತೇನಿ, ಅಲ್ಲೀತನಾ ತಡಿ ಅಂತ ಹೇಳು ತಂಗಿಗೆ, ಅಂದಿದ್ದೆ. ಬಸ್ ತಡಾ ಆತು."

ನಿಲ್ಲು ಅಂದಿದ್ದರು. ಅವಸರ ಮಾಡಬೇಡ ಅಂದಿದ್ದರು. ನಾನು ಹಾಸು ಅಂತ ತಿಳಿದೆ. ಬೇರೆ ಯಾರಿಗಾದರೂ ಆಗಿದ್ದರೆ 'ತಡೀರಿ' ಅನ್ನುತ್ತಿದ್ದರು, ಆಗ ಎರಡು ಅರ್ಥ ಬರುತ್ತಲೇ ಇರಲಿಲ್ಲ. ನಾನು ತಂಗಿ. ನನಗೆ 'ರಿ' ಇರಲಿಲ್ಲ.

ಅಷ್ಟರಲ್ಲಿ ಮೈದುನ ಬಂದು ನಿಂತ. ಮಖಮಲ್ ನೋಡಿದ.

"ಯಾರು ಹಾಕಿದ್ದು ಇದನ್ನ? ವೈನಿ, ನಿನ್ನನ್ನ ಕೇಳಾಕ ಹತ್ತೇನಿ. ಜೀನ ಮಾಡಿದಾವ ಬ್ಯಾಡ ಅಂದಿದ್ದು ನನ್ನ ಕಿವೀಲೆ ಕೇಳೇನಿ. ನೀ ಹಾಕಿದ್ರ ಕುದರಿ ನಾಳಿ ರಾಮದುರ್ಗಕ್ಕ. ಆ ಹುಡುಗಿ ಅತ್ರೂ ಅಷ್ಟ, ಬಿಟ್ರೂ ಅಷ್ಟ."

ಒಳಗೆ ಮಗಳು ನರಳುತ್ತ ಕುದುರೆಗೆ ಏನಾಯಿತು, ಕುದುರೆಗೆ ಏನಾಯಿತು ಅಂತ ಕೇಳುತ್ತಿದ್ದಳು.

"ನಾನ ಅಂದಿದ್ದೆ," ಅಂದರು ಚಾಚಾ.

"ಏನಂದಿದ್ದಿ?"

"ತಡಿ ಅಂತ. ಲಾರಿ ಡ್ರೈವರ್‌ನ ಕಡಿಂದ ಹೇಳಿ ಕಳಿಸಿದ್ದೆ. ಅವನ್ನ ಕೇಳು ಬೇಕಾರ. ತಂಗಿದು ಏನೂ ತಪ್ಪಿಲ್ಲ."

ಒಂದಕ್ಷರ ಸುಳ್ಳು ಹೇಳಲಿಲ್ಲ ಆ ಮನುಷ್ಯ.

ಮೈದುನ ಬಾಯಿಗೆ ಬಂದದ್ದು ಅಂದ. ಮುದುಕನಾಗಿ ಬುದ್ಧಿ ಕೆಟ್ಟಿದೆ ಅಂದ, ಕೈ ನಡುಗುವವನಿಗೆ ಜೀನು ಯಾಕೆ ಬೇಕು ಅಂದ. ಚಾಚಾ ನೆಲ ನೋಡುತ್ತ ಕೂತಿದ್ದರು. ನಾನು ಅಲ್ಲೇ ಎದುರಿಗಿದ್ದೆ. ಬಾಯಿ ತೆರೆಯಲಿಲ್ಲ. ಒಂದು ಮಾತು ಆಡಿದರೆ ಕುದುರೆ ಹೋಗುತ್ತಿತ್ತು. ಆಡಲಿಲ್ಲ. ತಪ್ಪು ಜೀನಗಾರನದು ಅಂದ ಮೇಲೆ ಮೈದುನನಿಗೆ ಮಾರಲು ನೆವ ಇರಲಿಲ್ಲ, ಕುದುರೆ ಉಳಿಯಿತು.

ಚಾಚಾನ ಹೆಸರು ಹೋಯಿತು. ಮೈದುನ ಸವದತ್ತಿಯಿಂದ ಕಿತ್ತೂರಿನವರೆಗೆ ಮದುವೆ ಕುದುರೆಯವರಿಗೆಲ್ಲ ಹೇಳಿದ. ಒಬ್ಬೊಬ್ಬರೇ ಜೀನು ಮಾಡಿಸುವುದನ್ನು ಬಿಟ್ಟರು. ಮಗಳೂ ಅದನ್ನೇ ನಂಬಿದಳು. ಅವಳ ಎಡಮೊಣಕಾಲು ಆಮೇಲೆ ಪೂರ್ತಿ ಮಡಚಲಿಲ್ಲ. ಕುದುರೆಯ ಮೈ ತಿಕ್ಕಿದಳು, ಮೇವು ಹಾಕಿದಳು, ಮೇಲೆ ಮಾತ್ರ ಹತ್ತಲಿಲ್ಲ.

ಒಂದು ವರ್ಷದ ಮೇಲೆ ಬೈಲಹೊಂಗಲಕ್ಕೆ ಹೋದೆ. ಅಂಗಡಿಯಲ್ಲಿ ಒಂದು ಜೀನೂ ಇರಲಿಲ್ಲ. ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದರು. ಹರಿದ ಚಪ್ಪಲಿಗಳ ರಾಶಿ ಮುಂದೆ. ಈ ಪಟ್ಟಿ ತೋರಿಸಿ, ಹೊಲಿದು ಕೊಡಿ ಅಂದೆ. ನಾನು ಹೋದದ್ದು ಅದಕ್ಕಲ್ಲ. ಅವರಿಗೂ ಗೊತ್ತಿತ್ತು.

"ಅದನ್ನ ಹೊಲಿಯಂಗಿಲ್ಲ ತಂಗಿ. ಒಮ್ಮಿ ಕೊಯ್ದ ಪಟ್ಟಿ ಮ್ಯಾಲ ಭಾರ ಹಾಕಬಾರದು. ಕುದರಿ ಹ್ಯಾಂಗೈತಿ?"

"ಐತಿ."

"ಮಗಳು?"

"ಅಡ್ಡಾಡತಾಳ."

ಎದ್ದೆ.

"ತಡಿ," ಅಂದರು. ಅಂದವರೇ ದಬ್ಬಳ ಕೆಳಗಿಟ್ಟು ನಕ್ಕುಬಿಟ್ಟರು. "ಚಾ ಕುಡದ ಹೋಗು ಅಂದೆ. ಮತ್ತ ಬ್ಯಾರೆ ಏನರ ತಿಳದೀ."

ಚಹಾ ಕುಡಿದೆ. ಆಗಲಾದರೂ ಹೇಳಬಹುದಿತ್ತು, ಊರ ಮುಂದೆ ನಿಜ ಹೇಳುತ್ತೇನೆ ಅಂತ. ಹೇಳಲಿಲ್ಲ. ಆರು ವರ್ಷದ ಮೇಲೆ ಕುದುರೆ ನಮ್ಮ ಹಿತ್ತಲಲ್ಲೇ ವಯಸ್ಸಾಗಿ ಸತ್ತಿತು. ಮೈದುನನೂ ಹೋದ. ಬಾಯಿ ಮುಚ್ಚಿಕೊಂಡಿರಲು ಕಾರಣ ಉಳಿಯಲಿಲ್ಲ, ಆದರೂ ಮುಚ್ಚಿಕೊಂಡೇ ಇದ್ದೆ. ಚಾಚಾ ತೀರಿ ಎರಡು ವರ್ಷವಾಯಿತು. ಮಣ್ಣಿಗೆ ಹೋಗುವಾಗ ನಾನು ರಸ್ತೆಯ ಆಚೆ ಬದಿ ನಿಂತಿದ್ದೆ. ಮಗಳು ಬರಲಿಲ್ಲ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಪಟ್ಟಿ ಹಿಡಿದು ಪಡಸಾಲೆಗೆ ಬಂದೆ. ಎರಡೂ ಜೀನು ಹಿತ್ತಲಿಗೆ ತಗೊಂಡು ಬನ್ನಿ ಅಂದೆ. ಹೋದ ವರ್ಷ ತಂದ ಕಪ್ಪು ಕುದುರೆ ಅಲ್ಲೇ ಕಟ್ಟಿತ್ತು. ಮೊಮ್ಮಗಳನ್ನು ಹತ್ತಿಸಿ ಕಣ್ಣು ಮುಚ್ಚಿಸಿದೆ. ತೆಳು ಜೀನಿನ ಮೇಲೆ ಎಲ್ಲ ಕಾಲು ಸರಿ ಹೇಳಿದಳು, ಆದರೆ ಕುದುರೆಯ ಕಿವಿ ಹಿಂದೆ. ದಪ್ಪ ಜೀನು ಹಾಕಿದಾಗ ಕಿವಿ ಮುಂದೆ, ಕಾಲೆಲ್ಲ ತಪ್ಪು. ಎರಡು ಜೀನು ತಂದವರು ನಡುವಿನದನ್ನು ತಂದಿರಲಿಲ್ಲ.

"ಇದೇನ ಆಟಾ?" ಮಗಳು ಕೇಳಿದಳು. ಅವಳಿಗೆ ಈ ಆಟ ಎಲ್ಲಿಯದು ಅಂತ ಗೊತ್ತಿತ್ತು, ಮುಖ ಬಿಗಿದಿತ್ತು. "ತೆಳ್ಳಂದ ಇರಲಿ ಅಂದೆ ನಾ. ತಡಿ ಅಂದವನ ಸುದ್ದಿ ಬ್ಯಾಡ."

"ತಡಿ ಅಂದಿದ್ದು ಖರೇ," ಅಂದೆ. "ನಿಲ್ಲು ಅಂದಿದ್ರು. ಹಾಸು ಅಂತ ತಿಳದಾಕಿ ನಾನು."

ವರಾಂಡದ ಮಾತೆಲ್ಲ ಹೇಳಿದೆ. ಲಾರಿ ತಿರುವಿನಲ್ಲಿ ನಿಂತಿದ್ದನ್ನೂ ಹೇಳಿದೆ. ಮೊಮ್ಮಗಳು ಕುದುರೆಯ ಮೇಲೆ ಕೂತೇ ಕೇಳಿಸಿಕೊಂಡಳು. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಪಟ್ಟಿ ತಗೊಂಡಳು, ಕೊಯ್ದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕುಂಟುತ್ತ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಬಂದಾಗ ಕೈಯಲ್ಲಿ ಕತ್ತರಿ ಇತ್ತು. ದಪ್ಪ ಜೀನನ್ನು ಇಳಿಸಿ ಕಟ್ಟೆಯ ಮೇಲೆ ಮಗುಚಿ ಹಾಕಿದಳು. ಕೆಳಗಿನ ಹೊಲಿಗೆ ಹುಡುಕಿದಳು. ಬಿಚ್ಚಿದರೆ ಮತ್ತೆ ವಾಪಸ್ ಕಳಿಸುವ ಹಾಗಿಲ್ಲ.

"ಚಾಚಾ ಎಷ್ಟ ಹಿಡಿ ತಗದಿದ್ರು?" ಕೇಳಿದಳು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಚಾಚಾ ಅನ್ನುವ ಮಾತು.

"ನಾಕು. ಒಂದು ವಾಪಸ್ ತುಂಬಿದ್ರು."

ಕತ್ತರಿಯ ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ಇಟ್ಟು ನನ್ನ ಮುಖ ನೋಡಿದಳು. ಅದು ಆ ಕುದುರೆಯ ಬೆನ್ನಿನ ಲೆಕ್ಕ. ಈ ಕುದುರೆಗೆ ಎಷ್ಟೋ, ನನಗೆ ಗೊತ್ತಿಲ್ಲ. ತಡಿ ಅನ್ನಲು ಅಲ್ಲಿ ಯಾರೂ ಇರಲಿಲ್ಲ.

ಹೊಲಿಗೆ ಬಿಚ್ಚಿದಳು.